ನಗದವರ ಜೊತೆ ಇಂಗ್ಲಿಷು

ಒಂದು ತಗಡಿನ ಡಬ್ಬಿ ಒಬ್ಬ ಒಕ್ಕಲು ಮನುಷ್ಯನ ಊಟ ನಿದ್ದೆಗಳನ್ನು ಕೆಡಿಸಬಲ್ಲದು ಎಂದರೆ ಮೈಸೂರಿನವರು ನಂಬಲಿಕ್ಕಿಲ್ಲ. ಕಟ್ಟೆಮಳಲವಾಡಿಯವರಾದ ನಾವು ಅದನ್ನು ಕಣ್ಣಾರೆ ಕಂಡವರು. ನಂಬದವರ ಜೊತೆ ವಾದಕ್ಕೆ ಹೋಗುವುದಿಲ್ಲ.

ಡಬ್ಬಿ ಮಹದೇವಪ್ಪನದು. ಅವನೂ ಅಂಕಯ್ಯನೂ ಗಾಡಿ ಹೊಡೆದುಕೊಂಡು ಬಿಳಿಕೆರೆ ರಸ್ತೆಯಲ್ಲಿ ಬರುತ್ತಿದ್ದಾಗ ಯಾವನೋ ಕೊಡಗಿನ ತೋಟದ ದೊರೆ ಮೋಟಾರು ನಿಲ್ಲಿಸಿ, ಕೈ ಆ ಕಡೆ ಈ ಕಡೆ ತೋರಿಸಿ ಏನೋ ಕೇಳಿದ. ಅಂಕಯ್ಯ ಬಾಯಿ ಬಿಟ್ಟುಕೊಂಡು ನಿಂತ. ಮಹದೇವಪ್ಪ ಮಾತ್ರ ಎದೆ ಸೆಟೆಸಿ "ಎಸ್ ಸಾರ್" ಎಂದುಬಿಟ್ಟ. ದೊರೆ ಇನ್ನೊಂದು ಕೇಳಿದ. ಇವನು ಅದಕ್ಕೂ "ಎಸ್ ಸಾರ್" ಎಂದ. ದೊರೆ ಖುಷಿಯಾಗಿ, ಖಾಲಿಯಾಗಿದ್ದ ಸಿಗರೇಟಿನ ಡಬ್ಬಿಯೊಂದನ್ನು ಇವನ ಕೈಗಿತ್ತು ಮುಂದಕ್ಕೆ ಹೋದ. ಅವನು ಹೋದ ದಾರಿ ಅವನು ಹೋಗಬೇಕಾದ ದಾರಿಯೇ ಹೌದೋ ಅಲ್ಲವೋ ನಮಗೆ ಇವತ್ತಿಗೂ ಗೊತ್ತಿಲ್ಲ.

ಅವತ್ತಿನಿಂದ ಮಹದೇವಪ್ಪನ ಎಲೆ ಅಡಿಕೆ ಆ ಡಬ್ಬಿಗೆ ಸೇರಿತು. ಸಂಜೆ ಅರಳಿಕಟ್ಟೆಯ ಮೇಲೆ ಕೂತು ಅದನ್ನು ಉಗುರಿನಲ್ಲಿ ಟಕ ಟಕ ತಟ್ಟುವನು. ಯಾರಾದರೂ ಏನೆಂದು ಕೇಳುವವರೆಗೂ ತಟ್ಟುವನು. ಕೇಳಿದ ಮೇಲೆ ಕಥೆ ಹೇಳುವನು. ಕಥೆಯ ಕೊನೆಗೆ ಅಂಕಯ್ಯನ ಕಡೆ ತಿರುಗಿ, "ಇಂಗ್ಲೀಸು ಅಂದ್ರೆ ಗುಂಡಿಗೆ ಕಣ್ಲಾ ಅಂಕ. ಎಲ್ಲಾರ್ಗೂ ಬಂದಾತಾ ಅದು" ಎನ್ನುವನು.

ಅಂಕಯ್ಯ ಒಳ್ಳೆಯ ಮನುಷ್ಯ. ಸ್ವಂತ ಹೊಲ, ಸ್ವಂತ ಗಾಡಿ, ಮನೆಯಲ್ಲಿ ಸಣ್ಣತಾಯಮ್ಮನಂಥ ಹೆಂಡತಿ. ದೇವರು ಇಷ್ಟು ಕೊಟ್ಟ ಮೇಲೆ ಸುಮ್ಮನಿರಬಹುದಿತ್ತು. ಆದರೆ ಆ ಟಕ ಟಕ ಸದ್ದು ಅವನ ಕಿವಿಯೊಳಗೆ ಸೇರಿಕೊಂಡುಬಿಟ್ಟಿತು. ಒಂದು ದಿನ ಒಂದು ಕುಕ್ಕೆ ಅವರೆಕಾಯಿ ಹೊತ್ತುಕೊಂಡು ಸ್ಕೂಲು ಮೇಷ್ಟ್ರು ನೀಲಕಂಠಸ್ವಾಮಿಯವರ ಜಗುಲಿಗೆ ಹೋಗಿ ಕೂತ.

"ಸ್ವಾಮಿ, ನಂಗೆ ಇಂಗ್ಲೀಸು ಬೇಕು."

ಮೇಷ್ಟ್ರು ಅವರೆಕಾಯಿಯನ್ನು ಒಳಕ್ಕೆ ಕಳಿಸಿ ಕನ್ನಡಕ ಹಾಕಿಕೊಂಡರು. "ಎಷ್ಟು ಬೇಕು?"

"ಒಬ್ಬ ದೊರೆಗೆ ಆಗೋವಷ್ಟು."

ಮೇಷ್ಟ್ರು ಪಾಠ ಶುರುಮಾಡಿದರು. ಕಮ್ ಎಂದರೆ ಬಾ, ಗೋ ಎಂದರೆ ಹೋಗು, ಸ್ಟಾಪ್ ಎಂದರೆ ನಿಲ್ಲು, ಟರ್ನ್ ಎಂದರೆ ತಿರುಗು. ಸ್ಲೋ, ಬ್ಯಾಕ್, ಗುಡ್ ಮಾರ್ನಿಂಗ್, ವೆರಿ ಗುಡ್. ಮಳೆಗೆ ರೈನ್, ನಾಳೆಗೆ ಟುಮಾರೊ, ಹೊಲಕ್ಕೆ ಫೀಲ್ಡ್, ಎತ್ತಿಗೆ ಬುಲ್, ಆಳಿಗೆ ಮ್ಯಾನ್, ನಾನು ಎನ್ನುವುದಕ್ಕೆ ಐ. ಮಹಾರಾಜರು ಎದುರಿಗೆ ಬಂದರೂ ಬರಬಹುದೆಂದು ಮೈ ಕಿಂಗ್ ಎಂಬುದನ್ನೂ ಹೇಳಿಕೊಟ್ಟರು. ಎಸ್ ಮತ್ತು ನೋ ಎರಡನ್ನೂ ಒಂದೇ ದಿನ ಕಲಿಸಿದರು. ಅವರೆಕಾಯಿ ಕಾಲ ಮುಗಿಯುವ ಹೊತ್ತಿಗೆ ಮಾತುಗಳೂ ಮುಗಿದವು.

"ನೋಡಯ್ಯ ಅಂಕಯ್ಯ, ಇನ್ನು ನನ್ನ ಹತ್ತಿರ ಬಂದು ಪ್ರಯೋಜನವಿಲ್ಲ. ಇಂಗ್ಲಿಷು ಓದಿದರೆ ಬರೋದಲ್ಲ, ಆಡಿದರೆ ಬರೋದು. ನಾನು ಇಷ್ಟು ವರ್ಷ ಓದಿದೀನಿ, ಇನ್‌ಸ್ಪೆಕ್ಟರು ಬಂದರೆ ಗಂಟಲು ಕಟ್ಟುತ್ತೆ. ದಿನಾ ಯಾರ ಜೊತೆಗಾದರೂ ಆಡು. ಆದರೆ ನಗದೆ ಇರೋರನ್ನ ನೋಡಿ ಹಿಡಕೋ. ಒಂದು ಸಲ ಯಾರಾದರೂ ನಕ್ಕರೋ, ನಾಲಗೆ ಒಳಕ್ಕೆ ಹೋಯ್ತು ಅಂತಲೇ ತಿಳಿ."

ನಗದವರು. ಅಂಕಯ್ಯ ಯೋಚಿಸುತ್ತ ಮನೆಗೆ ಬಂದ. ಬೆಳಿಗ್ಗೆ ಎದ್ದು, ತಲೆಯ ಮೇಲೆ ಸಗಣಿ ಮಂಕರಿ ಹೊತ್ತು ಬರುತ್ತಿದ್ದ ಹೆಂಡತಿಗೆ ಎದುರಾಗಿ ನಿಂತು, "ಗುಡ್ ಮಾರ್ನಿಂಗ್" ಎಂದ.

ಸಣ್ಣತಾಯಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನಕ್ಕಳು. ಮಂಕರಿ ಕೆಳಗಿಟ್ಟು ನಕ್ಕಳು, ಗೋಡೆ ಹಿಡಿದುಕೊಂಡು ನಕ್ಕಳು. ಅವಳು ನೀರಿಗೆ ಹೋದಾಗ ಆ ನಗು ಬಾವಿಕಟ್ಟೆಗೆ ಹೋಯಿತು. ಬಾವಿಕಟ್ಟೆಯಿಂದ ಅರಳಿಕಟ್ಟೆ ಎಷ್ಟು ದೂರ? ಸಂಜೆ ಅಂಕಯ್ಯ ಹೊಲದಿಂದ ಬರುವಾಗ ಊರೆಲ್ಲ ಅವನಿಗೆ ಗುಡ್ ಮಾರ್ನಿಂಗ್ ಹೇಳಿತು. ಮಹದೇವಪ್ಪ ಡಬ್ಬಿ ತಟ್ಟಿ ತಾಳ ಹಾಕಿದ. ಮೇಷ್ಟ್ರು ಹೇಳಿದ್ದು ಸುಳ್ಳಾಗಲಿಲ್ಲ, ಅಂಕಯ್ಯನ ನಾಲಗೆ ಒಳಕ್ಕೆ ಹೋಯಿತು.

ಆಗ ಅವನ ಕಣ್ಣಿಗೆ ಬಿದ್ದವು ಕೆಂಚ ಮತ್ತು ಬೂದ. ಚುಂಚನಕಟ್ಟೆಯ ದನದ ಪರಿಷೆಯಲ್ಲಿ ಹೊಸದಾಗಿ ಕೊಂಡು ತಂದಿದ್ದ ಹೋರಿಗಳು. ಇನ್ನೂ ನೊಗಕ್ಕೆ ಹೆಗಲು ಕೊಟ್ಟಿರಲಿಲ್ಲ, ಪಳಗಿಸಬೇಕಾಗಿತ್ತು. ಅಂಕಯ್ಯ ಕೊಟ್ಟಿಗೆಯಲ್ಲಿ ಅವುಗಳ ಮುಂದೆ ನಿಂತು ಆ ಕಡೆ ಈ ಕಡೆ ನೋಡಿ, ಮೆಲ್ಲಗೆ "ಗುಡ್ ಮಾರ್ನಿಂಗ್" ಎಂದ. ಕೆಂಚ ಮೆಲುಕು ಹಾಕುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿತು. ಬೂದ ಕಿವಿ ಮುಂದಕ್ಕೆ ಮಾಡಿತು. ಎರಡೂ ನಗಲಿಲ್ಲ. ಅಂಕಯ್ಯನಿಗೆ ಕಣ್ಣಲ್ಲಿ ನೀರು ಬಂತು.

ಹೀಗೆ ಶುರುವಾಯಿತು ಇಂಗ್ಲಿಷು. ಊರಾಚೆಯ ಬೀಳು ನೆಲದಲ್ಲಿ, ಯಾರೂ ಇಲ್ಲದ ಕಡೆ, ಕೆಂಚ ಬೂದರಿಗೆ ನೊಗ ಕಟ್ಟಿ "ಗೋ" ಎಂದರೆ ಹೋಗಬೇಕು, "ಸ್ಟಾಪ್" ಎಂದರೆ ನಿಲ್ಲಬೇಕು, "ಟರ್ನ್" ಎಂದರೆ ತಿರುಗಬೇಕು. ಚೆನ್ನಾಗಿ ತಿರುಗಿದರೆ "ವೆರಿ ಗುಡ್, ಮೈ ಕಿಂಗ್" ಎಂದು ಇಬ್ಬರ ಬಾಯಿಗೂ ಒಂದೊಂದು ಚೂರು ಬೆಲ್ಲ. ಬೇಸಗೆ ಕಳೆಯುವಷ್ಟರಲ್ಲಿ ಹೋರಿಗಳು ಪಳಗಿದವು, ಅಂಕಯ್ಯನೂ ಪಳಗಿದ. ಮಾತು ಸರಾಗವಾಯಿತು. ಕಂದಾಯದ ವಿಷಯ, ಹೆಂಡತಿಯ ಸಾರಿನ ವಿಷಯ, ಮಹದೇವಪ್ಪನ ಡಬ್ಬಿಯ ವಿಷಯ, ಎಲ್ಲವನ್ನೂ ಇದ್ದ ಮಾತುಗಳಲ್ಲೇ ಅವುಗಳಿಗೆ ಹೇಳಿಕೊಳ್ಳುವನು. ಒಂದು ಮಾತು ಮಾತ್ರ ಬಳಸದೆ ಹಾಗೇ ಉಳಿದಿತ್ತು. ಕೆಂಚ ಬೂದರ ಹತ್ತಿರ ನೋ ಎನ್ನುವ ಪ್ರಸಂಗವೇ ಬಂದಿರಲಿಲ್ಲ.

ಈ ಗುಟ್ಟು ಊರಿಗೆ ಗೊತ್ತಿರಲಿಲ್ಲ. ಅಂಕಯ್ಯನ ಹೋರಿಗಳು ಲಕ್ಷಣವಾಗಿವೆ ಎಂಬುದಷ್ಟೇ ನಮಗೆ ಗೊತ್ತು.

ಆರಿದ್ರ ಮಳೆ ಹತ್ತಿರವಾದಾಗ ಮೇಷ್ಟ್ರು ಒಂದು ಸುದ್ದಿ ತಂದರು. ಹುಣಸೂರಿನ ಹತ್ತಿರ ಮರದ ಡಿಪೋ ಇಟ್ಟಿದ್ದ ಕೆಂಪು ಮೀಸೆಯ ದೊರೆಯೊಬ್ಬನಿದ್ದ. ವಿಲಾಯತಿಯಿಂದ ಹೊಸದಾಗಿ ಬಂದವನು, ಕನ್ನಡದ ಗಂಧವಿಲ್ಲ. ಗಾಡಿಯವರಿಗೂ ತನಗೂ ನಡುವೆ ಮಾತಾಡಲು ಅವನಿಗೊಬ್ಬ ಮೇಸ್ತ್ರಿ ಬೇಕಂತೆ, ಗುರುವಾರ ಬೆಳಿಗ್ಗೆ ಬಂಗಲೆಯ ಹತ್ತಿರ ಬಂದವರನ್ನು ನೋಡುತ್ತಾನಂತೆ. ಅಂಕಯ್ಯನಿಗೆ ಅದು ತನಗಾಗಿಯೇ ಹುಟ್ಟಿದ ಕೆಲಸ ಎನ್ನಿಸಿತು. ಮೇಸ್ತ್ರಿ ಅಂಕಯ್ಯ. ತಲೆಗೆ ರುಮಾಲು, ಕೈಗೆ ಬೆತ್ತ. ಅರಳಿಕಟ್ಟೆಯ ಮುಂದೆ ನಡೆದುಹೋಗುವಾಗ ಡಬ್ಬಿಯ ಸದ್ದು ತಾನಾಗಿ ನಿಲ್ಲಬೇಕು.

ಬುಧವಾರ ಮಳೆ ಹೊಯ್ಯಿತು. ಅಂಥಿಂಥ ಮಳೆಯಲ್ಲ, ಊರೆಲ್ಲ ಕಾದಿದ್ದ ಹದದ ಮಳೆ. ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು. ಎರಡು ಮೂರು ದಿನದೊಳಗೆ ಉತ್ತು ರಾಗಿ ಚೆಲ್ಲದಿದ್ದರೆ ಆಮೇಲೆ ಬಿಸಿಲಿಗೆ ನಮ್ಮ ಕೆಂಪು ನೆಲ ಇಟ್ಟಿಗೆಯಾಗುತ್ತದೆ.

ನಮ್ಮೂರಲ್ಲಿ ಕೂಲಿ ಕೊಟ್ಟು ಕೆಲಸ ಮಾಡಿಸುವವರು ಕಡಿಮೆ, ಎಲ್ಲ ಮುಯ್ಯಿಯ ಮೇಲೆ ನಡೆಯುತ್ತದೆ. ನೀನು ನನ್ನ ಹೊಲದ ಕಳೆಗೆ ಬಾ, ನಾನು ನಿನ್ನ ಹೊಲ ಉಳುತ್ತೇನೆ. ಎತ್ತಿಲ್ಲದವರಿಗೆ ಎತ್ತಿದ್ದವರು, ಆಳಿಲ್ಲದವರಿಗೆ ಆಳಿದ್ದವರು. ಆ ಗುರುವಾರ ಅಂಕಯ್ಯನ ಹೋರಿಗಳ ಮುಯ್ಯಿ ಪುಟ್ಟಮಾದಮ್ಮನ ಹೊಲಕ್ಕೆ. ಗಂಡ ಸತ್ತ ಹೆಂಗಸು, ಎತ್ತಿಲ್ಲ, ಇರುವುದು ರಸ್ತೆ ಪಕ್ಕದ, ಬೇಗ ಒಣಗುವ ಅದೊಂದು ಹೊಲ. ಹಿಂದಿನ ವರ್ಷ ಅಂಕಯ್ಯನ ಹೊಲದಲ್ಲಿ ಬೆನ್ನು ನೆಟ್ಟಗೆ ಮಾಡದೆ ಕಳೆ ಕಿತ್ತವಳು. ಊರಿನ ಉಳಿದ ಎತ್ತುಗಳೆಲ್ಲ ಬೇರೆ ಬೇರೆ ಹೊಲಗಳಿಗೆ ಹೊರಟಾಗಿತ್ತು. ಕೆಂಚ ಬೂದ ಉಳದಿದ್ದರೆ ಅವಳಿಗೆ ಆ ವರ್ಷ ಹಿಟ್ಟಿಲ್ಲ.

ಅಂಕಯ್ಯ ಹೋರಿಗಳನ್ನು ಪುಟ್ಟಮಾದಮ್ಮನ ತಮ್ಮ ಸೋಮಯ್ಯನ ಕೈಗೆ ಕೊಟ್ಟ. ಕೊಡುವಾಗ ಗುಟ್ಟು ಹೇಳಿಬಿಡೋಣ ಎಂದು ಬಾಯಿ ತೆರೆದ. ಹೇಳಿದರೆ ಇವನು ನಗುತ್ತಾನೆ, ಆಮೇಲೆ ಊರು ನಗುತ್ತದೆ, ನಾಲಗೆ ಒಳಕ್ಕೆ ಹೋಗುತ್ತದೆ, ದೊರೆಯ ಮುಂದೆ ಏನು ಮಾಡುವುದು? ಹೋರಿಗಳು ಹುಟ್ಟಿದ್ದು ಕನ್ನಡದ ಹಟ್ಟಿಯಲ್ಲಿ, ತಾಯಿ ಕನ್ನಡದ ಹಸು. ಅಷ್ಟಿಷ್ಟು ಬಂದೇ ಬರುತ್ತದೆ ಎಂದು ಸಮಾಧಾನ ಮಾಡಿಕೊಂಡು, "ವಡೀಬ್ಯಾಡ ಕಣ್ಲಾ, ಒಳ್ಳೆ ಮಾತಲ್ಲಿ ಏಳು" ಎಂದಷ್ಟೇ ಹೇಳಿ, ಒಗೆದ ಅಂಗಿ ತೊಟ್ಟು ಹುಣಸೂರಿನ ದಾರಿ ಹಿಡಿದ.

ಸೋಮಯ್ಯ ನೇಗಿಲು ಕಟ್ಟಿದ. ಪುಟ್ಟಮಾದಮ್ಮ ನೆಲಕ್ಕೆ ಕೈ ಮುಗಿದಳು. ಸಣ್ಣತಾಯಮ್ಮ ಬೀಜದ ಮಂಕರಿ ಹಿಡಿದು ಬದುವಿನ ಮೇಲೆ ನಿಂತಳು. ಸೋಮಯ್ಯ "ಹೋ, ನಡೀರಪ್ಪ" ಎಂದ.

ಕೆಂಚ ಆಕಾಶ ನೋಡಿತು. ಬೂದ ಬಾಲದಲ್ಲಿ ನೊಣ ಓಡಿಸಿತು.

ಅಂಕಯ್ಯ ಹೇಳಿದ್ದ ಹಾಗೆ ಸೋಮಯ್ಯ ಒಳ್ಳೆಯ ಮಾತಿನಲ್ಲೇ ಕೇಳಿಕೊಂಡ. ಅಣ್ಣ ಎಂದ, ಅಪ್ಪ ಎಂದ, ಬಸವಣ್ಣ ಎಂದ. ಆಮೇಲೆ ಅವುಗಳ ತಾಯಿ ಅಜ್ಜಿಯರ ವಿಷಯಕ್ಕೆ ಹೋದ. ಬಾಲ ತಿರುಚಿದ, ಬೂದ ಒದೆಯಿತು. ಅಕ್ಕಪಕ್ಕದ ಹೊಲದವರು ಒಬ್ಬೊಬ್ಬರಾಗಿ ಬಂದು ತಮಗೆ ತೋಚಿದ್ದನ್ನು ಹೇಳಿದರು. ಗೊರಸಿಗೆ ಕಲ್ಲು ಹೊಕ್ಕಿದೆ ಎಂದು ಒಬ್ಬ, ಗಾಳಿ ಸೋಕಿದೆ ಎಂದು ಇನ್ನೊಬ್ಬ. ಮಾರನೆಯ ದಿನ ಅವೇ ಹೋರಿಗಳ ಮುಯ್ಯಿಗೆ ಕಾದಿದ್ದ ರಾಚಮ್ಮ ಮನೆಗೆ ಓಡಿ ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತೆಗೆದಳು. ಕೆಂಚ ಜೋರಾಗಿ ಸೀನಿತೇ ಹೊರತು ಹೆಜ್ಜೆ ಕಿತ್ತಿಡಲಿಲ್ಲ. ಬಿಸಿಲು ಏರುತ್ತಿತ್ತು. ಪುಟ್ಟಮಾದಮ್ಮ ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ನೋಡಿದಳು.

"ಅದ ವೋಯ್ತಾ ಅದೆ ಕಣ್ ಸೋಮ" ಎಂದಳು. ಅಳಲಿಲ್ಲ. ಬದುವಿನ ಮೇಲೆ ಕೂತುಬಿಟ್ಟಳು.

ಆಗ ಬಂತು ಮೋಟಾರು. ಹುಣಸೂರಿನ ಕಡೆಯಿಂದ ನಮ್ಮ ಹೊಳೆಯ ಕಟ್ಟೆಗೆ ಮೀನು ಹಿಡಿಯಲು ಹೊರಟಿದ್ದ ದೊರೆಯ ಮೋಟಾರು, ಪುಟ್ಟಮಾದಮ್ಮನ ಹೊಲದ ಪಕ್ಕದ ತಗ್ಗಿನಲ್ಲಿ, ಗಾಡಿಜಾಡಿನ ಕೆಸರಿಗೆ ಇಳಿದು ಸೊಂಟದವರೆಗೆ ಹೂತುಕೊಂಡಿತು. ಒಳಗಿನಿಂದ ಮೀನಿನ ಗಾಳ ಹಿಡಿದುಕೊಂಡು ಇಳಿದವನಿಗೆ ಕೆಂಪು ಮೀಸೆ. ಅಂಕಯ್ಯ ಬೆಳಗಿನಿಂದ ಯಾರ ಬಂಗಲೆಯ ಗೇಟಿನ ಮುಂದೆ ನಿಂತಿದ್ದನೋ ಅದೇ ದೊರೆ. ಗುರುವಾರ ಮೇಸ್ತ್ರಿಯನ್ನು ನೋಡಬೇಕೆಂಬುದು ಮರೆತೇಹೋಗಿ ಅವನು ಹಿಂದಿನ ಗೇಟಿನಿಂದ ಹೊರಟುಬಂದಿದ್ದ. ಮಳೆ ಬಂದರೆ ನಮಗೆ ರಾಗಿ ನೆನಪಾಗುವಂತೆ ಅವನಿಗೆ ಮೀನು ನೆನಪಾಗಿತ್ತು.

ಡ್ರೈವರು ಮಲಬಾರಿನ ಕಡೆಯವನು. ಅವನು ಚಕ್ರ ಹಿಡಿದು ಕೂತ. ದೊರೆ ಕೆಸರಿನಲ್ಲಿ ನಿಂತು ಕೈಯೆತ್ತಿ ಕೂಗಿದ: "ಗೋ."

ಮೋಟಾರು ಭರ್ ಎಂದಿತು, ಕದಲಲಿಲ್ಲ. ಪಕ್ಕದ ಹೊಲದಲ್ಲಿ ಕೆಂಚ ಬೂದ ಕಿವಿ ನಿಮಿರಿಸಿ, ಹೆಗಲು ಕೊಟ್ಟು, ಹೊರಟವು.

ಸೋಮಯ್ಯ ನೇಗಿಲು ಬಿಟ್ಟು ನಿಂತಿದ್ದವನು ಓಡಿಹೋಗಿ ಹಿಡಿದುಕೊಂಡ. ಹೊಲದ ಉದ್ದಕ್ಕೂ ದಾರ ಹಿಡಿದು ಎಳೆದಂತೆ ಸಾಲು ಬಿತ್ತು. ದೊರೆ "ಸ್ಟಾಪ್" ಎಂದ, ಹೋರಿಗಳು ನಿಂತವು. ದೊರೆ "ಟರ್ನ್, ಟರ್ನ್" ಎಂದ, ಡ್ರೈವರು ಚಕ್ರ ತಿರುಗಿಸಿದ, ಹೋರಿಗಳೂ ತಿರುಗಿದವು. "ಗೋ" ಎಂದ, ಇನ್ನೊಂದು ಸಾಲು.

ಸಣ್ಣತಾಯಮ್ಮ ಮಂಕರಿ ಇಳಿಸಿ, ಸೆರಗು ಬಾಯಿಗೆ ಹಿಡಿದು ಮೆಲ್ಲಗೆ ಅಂದಳು: "ಅವಕ್ಕೆ ಇಂಗ್ಲೀಸು ಬತ್ತದೆ ಕಣ್ರವ್ವಾ. ಇವ್ರು ಕೊಟ್ಗೇಲಿ ದಿನಾ ಮಣಮಣ ಅನ್ನೋದು ಕೇಳ್ತಿದ್ದೆ. ಯಾವ್ದೋ ಮಂತ್ರ ಏಳ್ತಾವ್ರೆ ಅನ್ಕೊಂಡಿದ್ದೆ."

ಇಷ್ಟು ತಿಳಿದ ಮೇಲೆ ಸೋಮಯ್ಯನೇ ಒಂದು ಕೈ ನೋಡಿದ. ಗಂಟಲು ಸರಿಮಾಡಿಕೊಂಡು "ಗೋ" ಎಂದ. ಎಂದವನೇ ಕಿಸಕ್ಕೆಂದು ನಕ್ಕುಬಿಟ್ಟ. ಬದುವೆಲ್ಲ ಬಿದ್ದು ಬಿದ್ದು ನಕ್ಕಿತು. ಕೆಂಚ ಬೂದ ಅಲ್ಲಾಡಲಿಲ್ಲ. ನಗುವಿನ ಜೊತೆ ಬರುವ ಇಂಗ್ಲಿಷು ಅವು ಕಲಿತ ಇಂಗ್ಲಿಷಲ್ಲ. ಆಮೇಲೆ ಇಬ್ಬರು ಮೂವರು ಕೂಗಿ ನೋಡಿದರು, ಎಲ್ಲರದೂ ಅದೇ ಗತಿ.

ಅಷ್ಟರಲ್ಲಿ ಡ್ರೈವರು ಇಳಿದು ಬಂದು, "ಒನ್ನು ತಳ್ಳಣಂ, ಎಲ್ಲಾರೂ ಬಂದು ತಳ್ಳಣಂ" ಎಂದು ಕೈ ಮುಗಿದ.

ನಾಲ್ಕು ಗಂಡಸರು ಪಂಚೆ ಎತ್ತಿ ಕಟ್ಟಿದ್ದೇ ತಡ, ಪುಟ್ಟಮಾದಮ್ಮ ಎದ್ದು ಅಡ್ಡ ನಿಂತಳು. "ಯಾರೂ ತಳ್ಳಬ್ಯಾಡಿ ಕಣ್ರಪ್ಪಾ, ನಿಮ್ಮ ಕಾಲ್ಗೆ ಬಿದ್ದೆ. ಮೋಟಾರು ಮ್ಯಾಕೆ ಬಂದ್ರೆ ದೊರೆ ವೊಂಟೋಯ್ತಾನೆ. ನನ್ನೊಲ ಮುಗೀಲಿ."

ನಮ್ಮೂರಿನವರಿಗೆ ಮನುಷ್ಯತ್ವ ಇಲ್ಲವೆಂದು ಯಾರೂ ತಿಳಿಯಬಾರದು. "ಇಗಾ ಬಂದ್ವು ಬುಡಿ" ಎಂದು ಡ್ರೈವರಿಗೆ ಹೇಳಿ ಎಲ್ಲರೂ ಅಲ್ಲೇ ಕೂತರು, ಅಷ್ಟೇ. ದೊರೆಯ ಗಂಟಲು ಒಣಗಬಾರದೆಂದು ರಾಚಮ್ಮ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟಳು. ದೊರೆ ಕುಡಿದು ಮೀಸೆ ಒರೆಸಿಕೊಂಡು ಹೊಸ ಹುರುಪಿನಿಂದ ಕೂಗಿದ. ಅರ್ಧ ಹೊಲ ಆಯಿತು.

ಆಮೇಲೆ ಮಜ್ಜಿಗೆಯ ತಂಪು ಹತ್ತಿತೋ ಏನೋ, ದೊರೆ ಬದುವಿನ ಮೇಲೆ ಕೂತು ಪೈಪು ಹಚ್ಚಿ ಸುಮ್ಮನಾದ. ಹೋರಿಗಳೂ ನಿಂತವು. ಬಿಸಿಲು ನಿಲ್ಲಲಿಲ್ಲ.

ಎಲ್ಲರೂ ಕತ್ತು ತಿರುಗಿಸಿ ಮಹದೇವಪ್ಪನನ್ನು ನೋಡಿದರು. ಅವನು ಆಗ ತಾನೆ ಡಬ್ಬಿ ಹಿಡಿದುಕೊಂಡು ತಮಾಷೆ ನೋಡಲು ಬಂದಿದ್ದ.

"ಮಾದೇವಪ್ಪಣ್ಣ, ನಿಮ್ಗೆ ಇಂಗ್ಲೀಸು ಬತ್ತದಲ್ಲ, ದೊರೆ ತಾವ ಒಸಿ ಮಾತಾಡಿ. ಎಂಗಾರ ಮಾಡಿ ಕೂಗ್ಸಿ" ಎಂದಳು ಪುಟ್ಟಮಾದಮ್ಮ.

ಮಹದೇವಪ್ಪನ ಮುಖ ಸ್ವಲ್ಪ ಬೆಳ್ಳಗಾಯಿತು. ಆದರೆ ಇಷ್ಟು ಜನರ ಮುಂದೆ ಹಿಂದೆ ಸರಿಯುವುದು ಹೇಗೆ? ದೊರೆಯ ಮುಂದೆ ಹೋಗಿ ನಿಂತು "ಎಸ್ ಸಾರ್" ಎಂದ.

ಇಂಗ್ಲಿಷು ಬಲ್ಲವನೊಬ್ಬ ಸಿಕ್ಕಿದನಲ್ಲಾ ಎಂದು ದೊರೆ ಎದ್ದು ನಿಂತ. ಹೋರಿಗಳನ್ನು ತೋರಿಸಿದ, ಹಗ್ಗ ತೋರಿಸಿದ, ಮೋಟಾರು ತೋರಿಸಿದ. ಎತ್ತು ಕಟ್ಟಿ ಎಳೆಸು ಎನ್ನುತ್ತಿದ್ದಾನೆಂದು ಕುರುಡನಿಗೂ ತಿಳಿಯುತ್ತಿತ್ತು. ಮಹದೇವಪ್ಪ "ಎಸ್ ಸಾರ್" ಎಂದು ಅಲ್ಲೇ ನಿಂತ. ದೊರೆ ಇನ್ನೊಂದು ಸಲ ಹೇಳಿದ. ಇವನು ಇನ್ನೊಂದು ಸಲ ಒಪ್ಪಿಕೊಂಡ. ದೊರೆಯ ಮೀಸೆಯ ಬಣ್ಣ ಮುಖಕ್ಕೂ ಏರಿತು.

"ಗೋ, ಮ್ಯಾನ್, ಗೋ" ಎಂದು ಅರಚಿದ.

ಮಹದೇವಪ್ಪ ಹೋಗಲಿಲ್ಲ. ಹೋರಿಗಳು ಹೋದವು.

"ಎಸ್ ಸಾರ್."

"ಟರ್ನ್ ಅರೌಂಡ್ ಅಂಡ್ ಗೋ."

ಹೋರಿಗಳು ತಿರುಗಿ ಬಂದವು. ಸೋಮಯ್ಯ ಬೆವರು ಸುರಿಸುತ್ತ ಹಿಂದೆ ಓಡಿದ. ಮಹದೇವಪ್ಪ ಒಂದೊಂದು ಎಸ್ ಸಾರ್ ಹೇಳಿದಾಗಲೂ ದೊರೆಯ ಸಿಟ್ಟು ಒಂದೊಂದು ಮೆಟ್ಟಿಲು ಏರುವುದು, ಒಂದೊಂದು ಸಾಲು ಮುಗಿಯುವುದು. ಮಹದೇವಪ್ಪನ ಆಯುಸ್ಸಿನಲ್ಲಿ ಅವನ ಇಂಗ್ಲಿಷಿನಿಂದ ಊರಿಗೆ ಉಪಕಾರವಾದದ್ದು ಅವತ್ತೊಂದೇ ದಿನ. ಕೊನೆಯ ಸಾಲು ಮುಗಿದಾಗ ಪುಟ್ಟಮಾದಮ್ಮ ಬೀಜದ ಮಂಕರಿ ಸೊಂಟಕ್ಕೆ ಏರಿಸಿದಳು. ಅವಳ ಕೈಯಿಂದ ರಾಗಿ ಹಸಿ ಮಣ್ಣಿಗೆ ಬೀಳುವುದನ್ನು ನೋಡಿ ನಮಗೆಲ್ಲ ಹೊಟ್ಟೆ ತುಂಬಿದಂತಾಯಿತು.

ಆ ಹೊತ್ತಿಗೆ ಸರಿಯಾಗಿ ರಸ್ತೆಯ ತಿರುವಿನಲ್ಲಿ ಅಂಕಯ್ಯ ಕಾಣಿಸಿಕೊಂಡ. ಬೆಳಗಿನಿಂದ ಬಂಗಲೆಯ ಗೇಟಿನ ಮುಂದೆ ನಿಂತೂ ನಿಂತೂ ಕೊನೆಗೆ ಕಾವಲುಗಾರ, "ದೊರೆ ಮೀನು ಇಡಿಯಾಕೆ ನಿಮ್ಮೂರ ಕಟ್ಟೆಗೇ ವೋಗವ್ರೆ, ಇಲ್ಲೇನು ನೋಡ್ತಾ ನಿಂತಿದ್ದೀಯಾ" ಎಂದನಂತೆ. ನಡೆದೂ ನಡೆದೂ ಕೆಸರು ಸಿಡಿದು, ಒಗೆದು ತೊಟ್ಟಿದ್ದ ಅಂಗಿ ಕೆಂಪಾಗಿತ್ತು.

"ಅಂಕಣ್ಣಾ, ನಿಮ್ಮ ಓರಿಗೆ ಒಸಿ ಕನ್ನಡನೂ ಕಲಿಸಬಾರ್ದಿತ್ತಾ?" ಎಂದ ಸೋಮಯ್ಯ ದೂರದಿಂದಲೇ. ಊರೆಲ್ಲ ಮತ್ತೆ ಗೊಳ್ಳೆಂದಿತು.

ಅಂಕಯ್ಯನ ಕಿವಿ ಕೆಂಪಗಾಯಿತು. ಎದುರಿಗೇ ಕೆಂಪು ಮೀಸೆಯ ದೊರೆ, ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಿದ್ದಾನೆ. ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ ಗುಡ್ ಮಾರ್ನಿಂಗ್ ಗಂಟಲಲ್ಲಿ ಸಿಕ್ಕಿಕೊಂಡಿತು. ಹೊರಗೆ ಬಂದಿದ್ದರೂ ಹೊತ್ತು ಆಗಲೇ ಇಳಿದಿತ್ತು. ಅವನು ದೊರೆಯನ್ನು ಬಿಟ್ಟು ನೆಟ್ಟಗೆ ಹೋರಿಗಳ ಹತ್ತಿರ ಹೋದ. ಕೆಂಚನ ಕತ್ತಿನ ಕೆಳಗಿನ ಗಂಗೆದೊಗಲು ಸವರಿದ. ಕೆಂಚ ಅವನ ಮುಖ ನೋಡಿತು. ನಗಲಿಲ್ಲ.

ನಾಲಗೆ ಸಡಿಲವಾಯಿತು. "ಕಮ್, ಮೈ ಕಿಂಗ್" ಎಂದ.

ನೇಗಿಲು ಬಿಚ್ಚಿ, ಹೋರಿಗಳನ್ನು ರಸ್ತೆಗಿಳಿಸಿ, ನೊಗದಿಂದ ಮೋಟಾರಿಗೆ ಮಿಣಿ ಹಗ್ಗ ಬಿಗಿದ. ಆಮೇಲೆ ಸಂಗ್ರಹದಲ್ಲಿದ್ದ ಇಂಗ್ಲಿಷೆಲ್ಲ ಹೊಳೆಯಂತೆ ಹರಿಯಿತು. "ಸ್ಲೋ. ಸ್ಲೋ. ಗೋ. ಸ್ಟಾಪ್. ಬ್ಯಾಕ್, ಬ್ಯಾಕ್. ಟರ್ನ್. ಗೋ, ಮೈ ಕಿಂಗ್, ಗೋ." ಬ್ಯಾಕ್ ಎಂದಾಗ ಹೋರಿಗಳ ಜೊತೆಗೆ ದೊರೆಯೂ ಎರಡು ಹೆಜ್ಜೆ ಹಿಂದೆ ಹೋದ. ಸ್ಟಾಪ್ ಎಂದಾಗ ಪೈಪನ್ನು ಬಾಯಿಯ ಅರ್ಧ ದಾರಿಯಲ್ಲಿ ನಿಲ್ಲಿಸಿದ. ಡ್ರೈವರು ಚಕ್ರ ತಿರುಗಿಸಿದ. ಈ ಸಲ ಯಾರೂ ತಡೆಯಲಿಲ್ಲ, ಊರೆಲ್ಲ ಸೇರಿ ಹಿಂದಿನಿಂದ ತಳ್ಳಿತು. ಮೋಟಾರು ಪಚಕ್ಕೆಂದು ಮೇಲೆ ಬಂತು.

"ವೆರಿ ಗುಡ್" ಎಂದು ದೊರೆ ಚಪ್ಪಾಳೆ ತಟ್ಟಿದ.

ವೆರಿ ಗುಡ್ ಎಂದರೆ ಬೆಲ್ಲ. ಕೆಂಚ ಬೂದ ಇಬ್ಬರೂ ದೊರೆಯ ಕಡೆ ತಿರುಗಿ, ಅವನ ಜೇಬಿಗೆ ಒಬ್ಬ, ಟೋಪಿಗೆ ಒಬ್ಬ ಮೂತಿ ಹಾಕಿದರು. ದೊರೆ ಮೊದಲು ಹೆದರಿದ, ಆಮೇಲೆ ಅವುಗಳ ಕತ್ತು ತಬ್ಬಿಕೊಂಡು ನಕ್ಕ. ಹೋರಿಗಳನ್ನು ತೋರಿಸಿದ, ಅಂಕಯ್ಯನನ್ನು ತೋರಿಸಿದ, ಹುಣಸೂರಿನ ಕಡೆ ಕೈ ಮಾಡಿ ಉದ್ದಕ್ಕೆ ಏನೋ ಹೇಳಿದ. ಡ್ರೈವರು ತನಗೆ ತಿಳಿದ ಕನ್ನಡದಲ್ಲಿ ಹೇಳಿದ: "ಮೇಸ್ತ್ರಿ ಕೆಲಸ ನಿನಗೆ. ನಾಳೆ ಬೆಳಿಗ್ಗೆ ಬರಣಂ, ಹೋರಿ ಹಿಡಕೊಂಡು ಬರಣಂ. ನಾಳೆ ಬಂದಿಲ್ಲ ಅಂದ್ರೆ ಬೇರೆ ಆಳು."

ಇದಕ್ಕಾಗಿಯೇ ಅಲ್ಲವೇ ಅವನು ಅವರೆಕಾಯಿ ಹೊತ್ತದ್ದು, ಬೀಳಿನಲ್ಲಿ ಬಿಸಿಲು ತಿಂದದ್ದು? ಸಣ್ಣತಾಯಮ್ಮ ಸೆರಗು ಹಿಂಡುತ್ತ ನಿಂತಳು. ನಾಳೆ ಆ ಹೋರಿಗಳ ಮುಯ್ಯಿ ರಾಚಮ್ಮನ ಹೊಲಕ್ಕೆ, ನಾಡಿದ್ದು ಕೆರೆ ಹಿಂದಿನ ನಿಂಗಯ್ಯನ ಹೊಲಕ್ಕೆ. ರಾಚಮ್ಮ ಖಾಲಿ ಚೊಂಬು ಹಿಡಿದು ನೆಲ ನೋಡುತ್ತಿದ್ದಳು. ಉಳಿದುಕೋ ಎಂದು ಯಾರು ಹೇಳುತ್ತಾರೆ? ಮೇಸ್ತ್ರಿಗಿರಿ ಬಂದವನಿಗೆ ಹಾಗೆ ಹೇಳುವ ಬಾಯಿ ನಮಗಿರಲಿಲ್ಲ.

ಮಹದೇವಪ್ಪ ಹಿಂದಿನಿಂದ ತಿವಿದು ಪಿಸುಗುಟ್ಟಿದ: "ಎಸ್ ಸಾರ್ ಅನ್ಲಾ ದಡ್ಡ, ಎಸ್ ಸಾರ್ ಅನ್ನು."

ಅಂಕಯ್ಯ ಕೆಂಚನ ಕೊಂಬು ಹಿಡಿದುಕೊಂಡು ದೊರೆಯ ಮುಖ ನೋಡಿದ.

"ನೋ ಸಾರ್."

ಡ್ರೈವರು ಬೆಚ್ಚಿದ. ಅಂಕಯ್ಯನಿಗೆ ಒಂದು ಮಾತು ಹೊರಗೆ ಬಂದ ಮೇಲೆ ಉಳಿದದ್ದು ತಾನಾಗಿ ಬಂತು. ಹೊಲದ ಕಡೆ ಕೈ ತೋರಿಸಿ, ಆಕಾಶದ ಕಡೆ ತೋರಿಸಿ, ಮೆಲ್ಲಗೆ, ಹೋರಿಗಳಿಗೆ ಹೇಳುವ ಹಾಗೆಯೇ ಹೇಳಿದ: "ಟುಮಾರೊ ರಾಚಮ್ಮ ಫೀಲ್ಡ್. ಟುಮಾರೊ ಟುಮಾರೊ ನಿಂಗಯ್ಯ ಫೀಲ್ಡ್. ರೈನ್ ಗೋ, ರಾಗಿ ನೋ. ರಾಗಿ ನೋ, ಮ್ಯಾನ್ ನೋ ಗೋ, ಬುಲ್ ನೋ ಗೋ. ರಾಗಿ ಕಮ್, ಐ ಕಮ್."

ಊರಿನವರಲ್ಲಿ ಅರ್ಧ ಜನಕ್ಕೆ ರಾಗಿ ಎಂಬುದೊಂದೇ ಅರ್ಥವಾದದ್ದು. ಆದರೂ ಅವನು ಹೇಳಿದ್ದೇನೆಂದು ಎಲ್ಲರಿಗೂ ತಿಳಿಯಿತು. ಯಾರೂ ನಗಲಿಲ್ಲ. ರಾಚಮ್ಮ ಚೊಂಬನ್ನು ಎದೆಗೆ ಒತ್ತಿಕೊಂಡಳು. ನಮ್ಮೂರಿನಲ್ಲಿ ಹುಟ್ಟಿದ ಒಬ್ಬ ಮನುಷ್ಯ ಒಬ್ಬ ದೊರೆಗೆ ಅವನ ಮಾತಿನಲ್ಲೇ ಆಗುವುದಿಲ್ಲ ಎಂದು ಹೇಳಿದ್ದನ್ನು ನಾವು ಅವತ್ತೇ ಮೊದಲು ಕೇಳಿದ್ದು. ನನಗಂತೂ ಮೈ ಜುಮ್ಮೆಂದಿತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ದೊರೆ ಉತ್ತ ಹೊಲ ನೋಡಿದ, ರಾಗಿ ಚೆಲ್ಲುತ್ತಿದ್ದ ಪುಟ್ಟಮಾದಮ್ಮನನ್ನು ನೋಡಿದ. ಟೋಪಿ ತೆಗೆದು, ಕೈ ಮುಂದೆ ಚಾಚಿ, ಅಂಕಯ್ಯನ ಕೈ ಹಿಡಿದು ಕುಲುಕಿದ. ಡ್ರೈವರಿಗೆ ಏನೋ ಹೇಳಿ ಮೋಟಾರು ಹತ್ತಿದ. ಡ್ರೈವರು ಹೊರಡುವ ಮುಂಚೆ ಕತ್ತು ಹೊರಗೆ ಹಾಕಿ, "ಬಿತ್ತನೆ ಮುಗಿಸಿ ಬಾ ಅಂತ. ಕಾದು ಇರ್ತಾರಂತ" ಎಂದ. ಅಷ್ಟು ಹೊತ್ತಾದ ಮೇಲೆ ದೊರೆಗೆ ಮೀನು ಸಿಕ್ಕಿತೋ ಇಲ್ಲವೋ ನಾವು ವಿಚಾರಿಸಲಿಲ್ಲ.

ಬಿತ್ತನೆ ಮುಗಿಸಿಯೇ ಅಂಕಯ್ಯ ಹೋದ. ಕೊಯ್ಲಿಗೆ ಬಂದ, ಮತ್ತೆ ಹೋದ. ಹೀಗೆ ದೊರೆ ಇದ್ದಷ್ಟು ದಿನವೂ ಡಿಪೋದ ಮೇಸ್ತ್ರಿಗಿರಿ ನಮ್ಮ ಮಳೆಗಳನ್ನು ನೋಡಿಕೊಂಡು ನಡೆಯಿತು. ಮಹದೇವಪ್ಪನ ಡಬ್ಬಿ ಅರಳಿಕಟ್ಟೆಯಲ್ಲಿ ಸದ್ದು ನಿಲ್ಲಿಸಿತು. ಅದೇ ವಾರ ಅವನು ಒಂದು ಕುಕ್ಕೆ ಬದನೆಕಾಯಿ ಹೊತ್ತು ಮೇಷ್ಟ್ರ ಜಗುಲಿಗೆ ಹೋದದ್ದನ್ನು ನೋಡಿದವರಿದ್ದಾರೆ. ಎರಡನೆಯ ಮಾತು ಕಲಿಯಬೇಕಾಗಿತ್ತಂತೆ. ಕೆಂಚ ಬೂದರನ್ನು ಮುಯ್ಯಿಗೆ ಕೇಳುವವರು ಮೊದಲು ನಗದೆ ಗೋ ಎನ್ನುವುದನ್ನು ಅಭ್ಯಾಸ ಮಾಡಬೇಕಾಯಿತು, ಹಾಗಾಗಿ ಸುತ್ತಮುತ್ತಲಿನ ಹಳ್ಳಿಗಳಲ್ಲಿ ನಮ್ಮಷ್ಟು ಗಂಭೀರವಾಗಿ ಇಂಗ್ಲಿಷು ಆಡುವವರು ಇನ್ನೊಬ್ಬರಿಲ್ಲ.

ಆ ಗುರುವಾರದ ಮಾರನೆಯ ಬೆಳಿಗ್ಗೆ ಅಂಕಯ್ಯ ಎದ್ದು, ರಾಚಮ್ಮನ ಹೊಲಕ್ಕೆ ಹೋರಿ ಬಿಡಲು ಕೊಟ್ಟಿಗೆಯ ಬಾಗಿಲಿಗೆ ಬಂದನಂತೆ. ಒಳಗೆ ಸಣ್ಣತಾಯಮ್ಮ ಮಂಕರಿ ಹಿಡಿದು ಸಗಣಿ ಬಾಚುತ್ತಿದ್ದಳು. ತಲೆಯೆತ್ತದೆ, ಸ್ಪಷ್ಟವಾಗಿ ಅಂದಳು: "ಗುಡ್ ಮಾರ್ನಿಂಗು, ಮೈ ಕಿಂಗು."

ಅಂಕಯ್ಯ ಹೊಸ್ತಿಲಲ್ಲೇ ನಿಂತ. ಕೆಂಚನನ್ನು ನೋಡಿದ, ಬೂದನನ್ನು ನೋಡಿದ. "ಯಾರ್ಗಂದೆ?" ಎಂದು ಕೇಳಿದ.

"ಬೆಲ್ಲ ಬೇಕಾದೋರ್ಗೆ" ಎಂದಳು ಅವಳು. ಈ ಸಲ ಅವಳೂ ನಗಲಿಲ್ಲ.